ಕ್ಲೀಟಸ್ ಕೊಟ್ಟ ಹಾಲಿನ ಲೋಟ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಅಷ್ಟಮುಡಿ ಸರೋವರದ ಕರಿಮೀನುಗಳ ಮುಳ್ಳೆಲ್ಲ ಒಟ್ಟಿಗೇ ನನ್ನ ಗಂಟಲಿಗೆ ಚುಚ್ಚಲಿ. ನಡೆದದ್ದು ನಡೆದ ಹಾಗೇ ಹೇಳುತ್ತಿದ್ದೇನೆ.

ತುರುತ್ತಿಲ್ ದಿವಾಕರನ್ ನಾಟಕ ಬರೆದರೆ ಕೊಲ್ಲಂ ಕಡೆಯ ಚರ್ಚಿನ ಹಬ್ಬವೂ ದೇವಸ್ಥಾನದ ಉತ್ಸವವೂ ಅವನಿಗಾಗಿ ಕಾದು ಕೂರುತ್ತಿದ್ದವು. ಅವನ ನಾಟಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದು ಮಾತ್ತನ್ ಮೊದಲಾಳಿಯ ಕತೆ. ಮಾತ್ತನ್ ಅಂದರೆ ದೋಣಿ, ಬಲೆ, ಊರು ಎಲ್ಲವನ್ನೂ ನುಂಗಿದ ಯಜಮಾನ. ಕಡೆಯ ದೃಶ್ಯದಲ್ಲಿ ಅವನು ಬಡ ವಿಧವೆಯ ಗುಡಿಸಿಲಿಗೆ ನುಗ್ಗಿ, ಒಲೆ ಮೇಲಿನ ಗಂಜಿಯ ಮಡಕೆಯನ್ನು ಒದ್ದು, ಒಂದು ನಗು ನಗುತ್ತಿದ್ದ. ಆ ನಗುವಿಗೆ ಮೈದಾನದಾಚೆಯ ತೆಂಗಿನ ಮರದಿಂದ ಎಳನೀರು ಉದುರುತ್ತಿತ್ತು. ಬೇಕಾದರೆ ಹೆಕ್ಕಿದವರನ್ನೇ ಕೇಳಿ.

ಆ ನಗು ಕ್ಲೀಟಸನದು. ಕ್ಲೀಟಸ್ ದಿವಾಕರನ್‌ನ ಬಾಲ್ಯದ ಗೆಳೆಯ, ಮೀನು ಹಿಡಿಯುವವನು. ಬಲೆಯಲ್ಲಿ ಬಿದ್ದ ಮೊದಲ ಮೀನನ್ನು ಬೆಕ್ಕಿಗೆ ಹಾಕಿ, ಉಳಿದದ್ದನ್ನು ಮಾರುವವನು. ಆದರೆ ಗಾಳ ಸಿಕ್ಕಿ ಹರಿದ ಕೆನ್ನೆ, ಉಪ್ಪುನೀರಿಗೆ ಕೆಂಪಾದ ಕಣ್ಣು. ಆ ಮುಖ ನೋಡಿಯೇ ದಿವಾಕರನ್ ಮಾತ್ತನ್‌ನನ್ನು ಬರೆದು, ಅವನಿಂದಲೇ ಆಡಿಸುತ್ತಿದ್ದ.

ನಾಟಕ ಓಡಿದಷ್ಟೂ ಕ್ಲೀಟಸನಿಗೆ ಊರು ಕಿರಿದಾಯಿತು. ಅವನು ಕಡವಿನ ದೋಣಿ ಹತ್ತಿದರೆ ಅರ್ಧ ಜನ ಇಳಿದು ಈಜಿಕೊಂಡೇ ಹೋಗುತ್ತಿದ್ದರು. ಮಕ್ಕಳು ಊಟ ಮಾಡದಿದ್ದರೆ ತಾಯಂದಿರು ಅವನ ಹೆಸರು ಹೇಳುತ್ತಿದ್ದರು. ಅವನು ಮೊದಮೊದಲು ನಗುತ್ತಿದ್ದ. ಮಗಳು ಜಸೀಂತಳನ್ನು ನೋಡಲು ಗಂಡಿನವರು ಬಂದ ದಿನ ನಗು ನಿಂತಿತು. ಹುಡುಗನ ಅಜ್ಜಿ ಬ್ರಿಜಿತ್ತಮ್ಮಚ್ಚಿ ಕ್ಲೀಟಸನ ಮುಖ ನೋಡಿದ್ದೇ ತಡ, ಬಾಯಲ್ಲಿದ್ದ ಕೇಕನ್ನು ಅಂಗೈಗೆ ಉಗಿದು ಎದ್ದಳು.

"ಈ ಪಾಪಿ ಮನೇಲಿ ನೀರು ಮುಟ್ಟಿದ್ರೂ ನರಕ. ಏಳೋ ಮಗನೇ!"

ಕ್ಲೀಟಸ್ ನೇರ ದಿವಾಕರನ್‌ನ ಮನೆಗೆ ಬಂದ.

"ಅಣ್ಣಾ, ಮಾತ್ತನ್‌ಗೆ ಕೊನೇಲಿ ಬುದ್ಧಿ ಬರೋ ಹಂಗೆ ಬರಿ. ಒಂದೇ ಒಂದು ಸೀನು. ಜನ ನನ್ನನ್ನ ಒಂದು ಸಲ ಒಳ್ಳೆಯವನು ಅನ್ಲಿ, ಸಾಕು."

"ಥೂ ಮಾರಾಯ, ಮಾತ್ತನ್ ಒಳ್ಳೆಯವನಾದ್ರೆ ನಾಟಕ ಎಲ್ಲಿ ನಿಲ್ಲುತ್ತೆ? ಹಲ್ಲು ಕಿತ್ತ ಹುಲೀನ ಯಾರು ನೋಡ್ತಾರೆ?"

"ನಾಟಕ ಹೆಂಗೂ ನಿಲ್ಲುತ್ತೆ ಅಣ್ಣಾ. ನನ್ನ ಮಗಳ ಬದುಕು ನಿಲ್ಲಬೇಕಲ್ಲ."

ದಿವಾಕರನ್ ಆಗ ಕೇಳಲಿಲ್ಲ. ಆ ಹಬ್ಬದ ಕಾಲವೆಲ್ಲ ಮಡಕೆ ಒಡೆಯುತ್ತಲೇ ಹೋಯಿತು. ಮುಂದಿನ ವರ್ಷ ಹುಡುಗನಿಗೆ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಬಂದಾಗ ದಿವಾಕರನ್ ಮಾತ್ತನ್‌ನ ಕತೆಯನ್ನು ಮತ್ತೆ ತೆಗೆದ. ಕೂತು ಹೊಸ ಕೊನೆ ಬರೆದ. ಮಾತ್ತನ್ ಗುಡಿಸಿಲಿಗೆ ಬರುತ್ತಾನೆ, ಮಂಡಿಯೂರಿ ಅಳುತ್ತಾನೆ, ಹಸಿದ ಮಗುವಿಗೆಂದು ಒಂದು ಲೋಟ ಹಾಲು ಕೊಡುತ್ತಾನೆ. ಆಡಿದ್ದು ಕ್ಲೀಟಸನದೇ ಚರ್ಚಿನ ಹಬ್ಬದಲ್ಲಿ. ಬ್ರಿಜಿತ್ತಮ್ಮಚ್ಚಿ ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಕೂತಿದ್ದಳು. ದಿವಾಕರನ್ ಪರದೆಯ ಪಕ್ಕ ನಿಂತು ಉಗುರು ಕಚ್ಚುತ್ತಿದ್ದ.

ಕ್ಲೀಟಸ್ ಮಂಡಿಯೂರಿದ. ನಿಜವಾಗಿಯೇ ಅತ್ತ. ಕಣ್ಣೀರು ಹಲಗೆಯ ಸಂದಿಯಲ್ಲಿಳಿದು ವೇದಿಕೆಯ ಕೆಳಗೆ ಮಲಗಿದ್ದ ನಾಯಿ ಒದ್ದೆಯಾಗಿ ಎದ್ದು ಹೋಯಿತು. ಅವನು ಲೋಟ ಚಾಚಿದ.

"ತಗೋ ಮಗಳೇ. ಮಗೂಗೆ ಹಾಲು."

ಆಗ ಬ್ರಿಜಿತ್ತಮ್ಮಚ್ಚಿ ಚಾಪೆಯ ಮೇಲೆ ಎದ್ದು ನಿಂತಳು.

"ಕುಡಿಸ್ಬೇಡ ಕಣೇ! ವಿಷ ಹಾಕಿದ್ದಾನೆ!"

"ಹೌದು, ವಿಷ! ವಿಷ!" ಎಂದು ಊರೆಲ್ಲ ಕೂಗಿತು. ಒಂದು ಚಪ್ಪಲಿ ಹಾರಿ ಬಂತು. ವಿಧವೆಯ ಪಾತ್ರದ ಹೆಂಗಸೇ ಹೆದರಿ, ಲೋಟವನ್ನು ಮೂಸಿ ನೋಡಿ, ಕೈ ಹಿಂದೆಳೆದುಕೊಂಡಳು.

ಕ್ಲೀಟಸ್ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದ. ಪರದೆಯ ಕಡೆ ತಿರುಗಿ ದಿವಾಕರನ್‌ನ ಮುಖ ನೋಡಿದ. ಆಮೇಲೆ ಎದ್ದು, ಹಾಲನ್ನು ನೆಲಕ್ಕೆ ಚೆಲ್ಲಿ, ಮಡಕೆಗೆ ಒದ್ದು, ಆ ನಗು ನಕ್ಕ.

"ನಾನು ಹೇಳ್ಲಿಲ್ವಾ!" ಎಂದು ಬ್ರಿಜಿತ್ತಮ್ಮಚ್ಚಿ ಖುಷಿಯಿಂದ ಕೂತಳು. ಚಪ್ಪಾಳೆಗೆ ಚರ್ಚಿನ ಗಂಟೆ ತಾನಾಗಿ ಅಲ್ಲಾಡಿತು.

ಬಣ್ಣ ಒರೆಸುತ್ತಾ ಕ್ಲೀಟಸ್ ಹೇಳಿದ್ದು ಇಷ್ಟೇ: "ನಿಂದೇನೂ ತಪ್ಪಿಲ್ಲ ಬಿಡಣ್ಣ. ನೀನು ಮೊದ್ಲು ಬರೆದದ್ದು ಬಹಳ ಚೆನ್ನಾಗಿ ಬರೆದುಬಿಟ್ಟಿದ್ದೆ."

ದಿವಾಕರನ್ ಆಮೇಲೆ ನಾಟಕ ಬರೆಯಲಿಲ್ಲ. ಜಸೀಂತಳಿಗೆ ಮದುವೆಯೂ ಆಗಲಿಲ್ಲ. ಅವನು ಕಾದಂಬರಿಗೆ ಕೈ ಹಾಕಿದ. ಒಬ್ಬ ಬೆಸ್ತನ ಕತೆ. ಮೊದಲ ಮೀನನ್ನು ಬೆಕ್ಕಿಗೆ ಹಾಕುವವನು, ಪರರ ಮಕ್ಕಳನ್ನು ಪ್ರವಾಹದಲ್ಲಿ ಹೆಗಲ ಮೇಲೆ ದಾಟಿಸುವವನು. ವಾರಪತ್ರಿಕೆಯಲ್ಲಿ ಬಂತು, ಪುಸ್ತಕವಾಯಿತು, ಬಹುಮಾನ ಕೊಟ್ಟು ಶಾಲು ಹೊದಿಸಿದರು. ಬ್ರಿಜಿತ್ತಮ್ಮಚ್ಚಿಯೂ ಓದಿಸಿ ಕೇಳಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಕ್ಲೀಟಸ್ ಹಾಸಿಗೆ ಹಿಡಿದಿದ್ದ. ಜಸೀಂತ ಪುಸ್ತಕ ಓದಿ ಹೇಳಿದಳು. ದಿವಾಕರನ್ ಮಂಚದ ಪಕ್ಕ ಕೂತಿದ್ದ.

"ಎಂಥ ಮನುಷ್ಯ ಅಣ್ಣಾ ಇವನು! ಎಲ್ಲಿ ಸಿಕ್ಕಿದ ನಿಂಗೆ?"

"ಲೇ ಕ್ಲೀಟಸ್, ಅದು ನೀನೇ ಕಣೋ."

ಕ್ಲೀಟಸ್ ನಕ್ಕ. ಅದೇ ನಗು. ಅಂಗಳದ ಕೋಳಿಗಳು ಹಾರಿ ಮಾಡು ಹತ್ತಿದವು.

"ನಾನಾ! ಬ್ರಿಜಿತ್ತಮ್ಮಚ್ಚಿಗೆ ಗೊತ್ತಾದ್ರೆ ಆ ಪುಸ್ತಕಕ್ಕೇ ಚರ್ಚಿನ ಪವಿತ್ರ ನೀರು ಚಿಮುಕಿಸ್ತಾಳೆ." ನಕ್ಕು ಸುಸ್ತಾದ ಮೇಲೆ ಮಗಳ ಕಡೆ ನೋಡಿ, ಮೆಲ್ಲಗೆ ಕೇಳಿದ: "ಮೊದ್ಲು ಇದನ್ನ ಬರೀಬಾರ್ದಿತ್ತಾ, ಅಣ್ಣಾ?"

ದಿವಾಕರನ್ ಜಸೀಂತಳ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದ.

ಶವ ಎತ್ತುವಾಗ ಊರವರು ಅಂಗಳದಾಚೆಯೇ ನಿಂತರು. ಬ್ರಿಜಿತ್ತಮ್ಮಚ್ಚಿ ಪೆಟ್ಟಿಗೆಗೆ ಬಗ್ಗಿ ನೋಡಿ, "ಸ್ವಲ್ಪ ತಡೀರಿ, ನಟನೆ ಇದ್ರೂ ಇರಬಹುದು" ಎಂದಳು. ಜನ ಕಾದರು. ಮೇಣದಬತ್ತಿ ಕರಗಿ ಮುಗಿಯಿತು, ಕ್ಲೀಟಸ್ ಏಳಲಿಲ್ಲ.

ದಿವಾಕರನ್ ಈಗಲೂ ಕಡವಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತಿರುತ್ತಾನೆ. ಎದುರಿಗೆ ಒಂದು ಲೋಟ ಹಾಲು. ಬಂದವರಿಗೆಲ್ಲ, "ಕ್ಲೀಟಸ್ ಕೊಡಿಸಿದ್ದು, ಕುಡೀರಿ" ಅನ್ನುತ್ತಾನೆ. ಊರವರು ಏನೋ ನೆಪ ಹೇಳಿ ದೋಣಿ ಹತ್ತುತ್ತಾರೆ. ಹಾಲಿನ ಮೇಲೆ ಕೆನೆ ಕಟ್ಟುತ್ತದೆ.

ಇಷ್ಟೊತ್ತು ಪುಕ್ಕಟೆ ಕತೆ ಕೇಳಿದಿರಲ್ಲ, ಒಂದು ಕೆಲಸ ಮಾಡಿ. ನಾಳೆ ಬೆಳಗಿನ ದೋಣಿಗೆ ಹೋಗಿ ಆ ಲೋಟ ಎತ್ತಿ, ಅವನ ಕಣ್ಣೆದುರೇ ಗಟಗಟ ಕುಡಿದುಬಿಡಿ. ಆದರೆ ಮೂಸಿ ಮಾತ್ರ ನೋಡಬೇಡಿ. ಮೂಸಿದಿರೋ, ನನ್ನ ಕತೆ ವಾಪಸ್ ಕೊಡಿ.