ನಲವತ್ತು ಹೆಜ್ಜೆ ಹಿಂದಕ್ಕೆ

ಹಗ್ಗ ಹೊಸೆಯುವವರ ಬದುಕೆಲ್ಲ ಹಿಂದಕ್ಕೆ ನಡೆಯುವುದರಲ್ಲೇ ಕಳೆಯುತ್ತದೆ. ಸೊಂಟಕ್ಕೆ ನಾರಿನ ಹೊರೆ ಸುತ್ತಿಕೊಂಡು, ಒಂದು ಎಳೆಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ರಾಟೆ ತಿರುಗಿದಂತೆಲ್ಲ ಬೆರಳ ಸಂದಿಯಿಂದ ನಾರು ಬಿಡುತ್ತ ಹಿಂದೆ ಹಿಂದೆ ಸರಿಯಬೇಕು. ಎಷ್ಟು ಹೆಜ್ಜೆ ಸರಿದರೆ ಅಷ್ಟುದ್ದದ ಹುರಿ. ಊರ ಅಂಚಿನ ಉದ್ದನೆಯ ತಗಡಿನ ಮಾಡಿನ ಕೆಳಗೆ ಹಗ್ಗದಜ್ಜಿ ನಲವತ್ತು ವರ್ಷಗಳಿಂದ ಹೀಗೆ ನಡೆದಿದ್ದಳು. ರಾಟೆಯ ಕಂಬದಿಂದ ಕೊನೆಯ ಕಂಬಕ್ಕೆ ನಲವತ್ತು ಹೆಜ್ಜೆ. ದಿನಕ್ಕೆ ಅಂಥ ಐವತ್ತು ಅರವತ್ತು ಸರದಿ. ಅವಳ ಮೀನಖಂಡ ಮುಟ್ಟಿ ನೋಡಿದರೆ ಕಲ್ಲು.

ಅಂಥವಳ ಮೊಮ್ಮಗಳಿಗೆ ಶಾಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ ಎಂದು ಅಜ್ಜಿಯನ್ನು ಶಾಲೆಗೇ ಕರೆಸಿ ಹೇಳಿದವಳು ಮಕ್ಕಳ ತಪಾಸಣೆಗೆ ಬಂದಿದ್ದ ನರ್ಸಮ್ಮ. ಒಂದು ನಿಮಿಷ ಮಣೆ ಹತ್ತಿ ಇಳಿಯಲು ಹೇಳಿದ್ದಳಂತೆ. ಉಳಿದ ಮಕ್ಕಳು ಮಣೆ ಮುರಿಯುವಂತೆ ಕುಣಿದರೆ, ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಗುಬ್ಬಿ ಎಂದೇ ಕರೆಸಿಕೊಂಡಿದ್ದ ಒಂಬತ್ತು ವರ್ಷದ ಹುಡುಗಿ ಹನ್ನೆರಡನೆಯ ಸಲಕ್ಕೆ ಮಣೆಯ ಮೇಲೇ ಕುಳಿತುಬಿಟ್ಟಿದ್ದಳು.

"ಕಾಯಿಲೆ ಏನೂ ಇಲ್ಲ ಅಜ್ಜಿ. ಅದೇ ತೊಂದರೆ, ಔಷಧಿ ಕೊಟ್ಟು ಕಳಿಸೋ ಹಾಗಿಲ್ಲ. ಶಾಲೆಯಿಂದ ಬಂದ ಮೇಲೆ ಏನ್ಮಾಡ್ತಾಳೆ?"

"ಏನೂ ಮಾಡಲ್ಲ ತಾಯಿ," ಎಂದಳು ಅಜ್ಜಿ ಹೆಮ್ಮೆಯಿಂದ. "ಬಹಳ ಸಾಧು. ಕೂರಿಸಿದ ಕಡೆಯಿಂದ ಕದಲಲ್ಲ."

ನರ್ಸಮ್ಮ ಬರೆಯುವುದನ್ನು ನಿಲ್ಲಿಸಿ ಅಜ್ಜಿಯ ಮುಖ ನೋಡಿದಳು. ಅಜ್ಜಿಗೆ ತನ್ನ ಮಾತು ತನಗೇ ಕೇಳಿಸಿದ್ದು ಆಗ.

ಆಟದ ಮೇಷ್ಟ್ರು ಅಲ್ಲೇ ಇದ್ದರು. ವರ್ಷಕ್ಕೊಮ್ಮೆ ಮಕ್ಕಳನ್ನು ಊರಾಚೆಯ ಬೆಟ್ಟಕ್ಕೆ ಹತ್ತಿಸುವುದು ಅವರ ಪದ್ಧತಿ. ಹೋದ ವರ್ಷ ಗುಬ್ಬಿ ಅರ್ಧಕ್ಕೇ ಕುಸಿದು ಕುಳಿತು, ತರಕಾರಿ ಟೆಂಪೋದಲ್ಲಿ ಕೋಸಿನ ಮೂಟೆಗಳ ನಡುವೆ ವಾಪಸು ಬಂದಿದ್ದಳು. ಅಂದಿನಿಂದ ತರಗತಿಯಲ್ಲಿ ಅವಳ ಹೆಸರು ಕೋಸು. ಈ ಸಲ ಮೇಷ್ಟ್ರು ಒಂದು ಚೀಟಿ ಬರೆದು ತಂದಿದ್ದರು. ಬೆಟ್ಟದ ದಿನ ಈ ಹುಡುಗಿ ಶಾಲೆಯಲ್ಲೇ ಕುಳಿತು ಚಿತ್ರ ಬಿಡಿಸಬಹುದು, ಮನೆಯವರ ಒಪ್ಪಿಗೆ ಬೇಕು.

"ಇಲ್ಲೊಂದು ರುಜು ಹಾಕಿ ಅಜ್ಜಿ. ಮಗೂಗೂ ಹಿಂಸೆ ತಪ್ಪುತ್ತೆ."

ಅಜ್ಜಿ ಗುಬ್ಬಿಯ ಕಡೆ ನೋಡಿದಳು. ಹುಡುಗಿ ತಲೆ ತಗ್ಗಿಸಿ ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದಳು. ಕೆಳತುಟಿ ಹಲ್ಲಿನಡಿ ಸಿಕ್ಕಿಕೊಂಡಿತ್ತು.

"ಬೆಟ್ಟ ಯಾವತ್ತು ಮೇಷ್ಟ್ರೇ?"

"ಇನ್ನು ಹತ್ತು ವಾರ."

"ಹಾಗಾದ್ರೆ ಚೀಟಿ ನಿಮ್ಮ ಹತ್ರಾನೇ ಇರ್ಲಿ. ಹತ್ತು ವಾರ ಆದ್ಮೇಲೆ ನೋಡೋಣ."

ದಾರಿಯುದ್ದಕ್ಕೂ ಅಜ್ಜಿ ಹಿಂದಿನದನ್ನೆಲ್ಲ ನೆನೆಯುತ್ತ ನಡೆದಳು. ಗುಬ್ಬಿಯ ಅಮ್ಮ ಬಟ್ಟೆ ಕಾರ್ಖಾನೆಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಎರಡು ವರ್ಷದ ಹಿಂದೆ ರಾಟೆಗೆ ಮೋಟಾರು ಕೂರಿಸಿದಾಗ ಅದರ ಬೆಲ್ಟಿಗೆ ಹುಡುಗಿಯ ಜಡೆ ಸಿಕ್ಕೀತೆಂದು ಅಜ್ಜಿ ಹೆದರಿದ್ದಳು. ಅದಕ್ಕೇ ನಾರಿನ ಮೂಟೆಯ ಮೇಲೆ ಕೂರಿಸಿ, ಒಂದು ಕೈಗೆ ಫೋನು, ಇನ್ನೊಂದು ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಇಳಿದರೆ ಕಾಲು ಮುರಿಯುತ್ತೇನೆ ಎಂದಿದ್ದಳು. ಹುಡುಗಿ ಇಳಿಯಲಿಲ್ಲ. ಕಾಲು ಮುರಿಯುವ ಕೆಲಸ ತಾನಾಗಿಯೇ ನಡೆದಿತ್ತು.

ಮರುದಿನ ಬೆಳಿಗ್ಗೆ ಬಡಗಿಯನ್ನು ಕರೆಸಿ ಬೆಲ್ಟಿನ ಸುತ್ತ ಹಲಗೆ ಹೊಡೆಸಿದಳು. ಕೆಲಸ ಅರ್ಧ ದಿನವೂ ಹಿಡಿಯಲಿಲ್ಲ. ಬಡಗಿ ಮೊಳೆಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಅಜ್ಜಿ ಆ ಹಲಗೆಗಳನ್ನೇ ದಿಟ್ಟಿಸುತ್ತ ನಿಂತಿದ್ದಳು.

"ಯಾಕಜ್ಜಿ, ಸರಿಯಾಗಿಲ್ವಾ?"

"ಸರಿಯಾಗಿದೆಯಪ್ಪಾ. ಎರಡು ವರ್ಷದ ಹಿಂದೆ ನಿನ್ನ ಕರೆಯೋ ಬುದ್ಧಿ ನಂಗೆ ಬರಲಿಲ್ಲ."

ಆ ಸಂಜೆ ಗುಬ್ಬಿ ಬಂದವಳೇ ಮೂಟೆ ಹುಡುಕಿದಳು. ಮೂಟೆಗಳೆಲ್ಲ ಅಟ್ಟ ಸೇರಿದ್ದವು. ಫೋನು ಮಾತ್ರ ರಾಟೆಯ ಕಂಬಕ್ಕೆ ಕಟ್ಟಿಸಿಕೊಂಡು ನೇತಾಡುತ್ತಿತ್ತು.

"ನೋಡು, ನಾನೇನೂ ಕಿತ್ಕೊಂಡಿಲ್ಲ. ನನ್ನ ಪಕ್ಕ ಹಿಂದಕ್ಕೆ ನಡೀತಾ ನಡೀತಾ ನೋಡ್ಕೋ."

ಐದು ಹೆಜ್ಜೆಗೆ ಚಿತ್ರ ಚಿಕ್ಕದಾಯಿತು, ಹತ್ತಕ್ಕೆ ಬರೀ ಮಿಣುಕು. ಗುಬ್ಬಿ ಮುಂದಕ್ಕೆ ಓಡಿಹೋಗಿ ನೋಡಿದಳು, ಅಜ್ಜಿ ಕರೆದಳೆಂದು ಹಿಂದಕ್ಕೆ ಬಂದಳು, ಮತ್ತೆ ಓಡಿದಳು. ನಾಲ್ಕು ಸಲ ಹೀಗಾದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅಜ್ಜಿ, ನೀನು ಮೋಸಗಾತಿ!"

"ಈಗ ಗೊತ್ತಾಯ್ತಾ?" ಎಂದು ಅಜ್ಜಿ ನಾರು ಬಿಡುತ್ತಲೇ ಹಿಂದೆ ಸರಿದಳು.

ಮೊದಲ ವಾರ ಆರು ಸರದಿಗೆ ಹುಡುಗಿ ಅಳುಮುಖ ಮಾಡುತ್ತಿದ್ದಳು. ಕಾಲು ನೋವು, ಹೊಟ್ಟೆ ನೋವು, ಆಮೇಲೆ ಕಿವಿನೋವು. "ಕಿವಿಯಲ್ಲಿ ಯಾರೂ ನಡೆಯಲ್ಲ, ಬಾ," ಎನ್ನುತ್ತಿದ್ದಳು ಅಜ್ಜಿ. ಹಿಂದಕ್ಕೆ ನಡೆಯುವಾಗ ಹಿಮ್ಮಡಿ ಊರುವ ಮೊದಲು ಬೆರಳು ನೆಲ ತಡಕಬೇಕು, ಬೆನ್ನು ನೆಟ್ಟಗಿರಬೇಕು, ಕಣ್ಣು ರಾಟೆಯ ಮೇಲೆ, ಉಸಿರು ಎರಡು ಹೆಜ್ಜೆಗೊಂದು. ತನ್ನ ಅತ್ತೆ ತನಗೆ ಹೇಳಿಕೊಟ್ಟದ್ದನ್ನು ಒಂದೊಂದಾಗಿ ಹೇಳಿಕೊಟ್ಟಳು.

ಮೂರನೆಯ ವಾರ ಅಜ್ಜಿಯ ಸೊಂಟಕ್ಕೆ ಇರುವೆ ಕಚ್ಚಿದವು. ಒಂದೆರಡಲ್ಲ, ದಂಡೇ. ನಾರಿನ ಹೊರೆ ಬಿಚ್ಚಿ ಒದರಿದರೆ ನಡುವಿನಿಂದ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಉದುರಿತು. ಗುಬ್ಬಿ ಕಂಬದ ಮರೆಗೆ ಸರಿದಳು. ಅಜ್ಜಿ ಸೊಂಟ ಕೆರೆದುಕೊಳ್ಳುತ್ತ ಕೂಗಿದಳು.

"ಅಡಗಿಸೋಕೆ ನನ್ನ ಸೊಂಟಾನೇ ಸಿಕ್ತೇನೇ ನಿಂಗೆ?"

ಹುಡುಗಿಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅಳುವೂ ತಡೆಯಲಾಗಲಿಲ್ಲ. "ನೀನೇ ತಾನೇ ಅಭ್ಯಾಸ ಮಾಡಿಸಿದ್ದು? ಈಗ ನೀನೇ ಬೇಡ ಅಂತೀಯ."

ಅಜ್ಜಿ ಮೋಟಾರು ನಿಲ್ಲಿಸಿದಳು. ಕೆಲಸದ ಹೊತ್ತಿನಲ್ಲಿ ಅವಳು ಹಾಗೆ ಮಾಡುವುದು ಅಪರೂಪ. "ಹೌದು ಕಣೇ. ನಾನೇ ಮಾಡ್ಸಿದ್ದು. ತಪ್ಪು ನಂದು. ಬಿಡಿಸೋದೂ ನನ್ನ ಕೆಲಸಾನೇ." ಅಂದಿನಿಂದ ಪೊಟ್ಟಣ ಮನೆಗೆ ಬರಲಿಲ್ಲ. ಅಜ್ಜಿ ತನ್ನ ಸಂಜೆಯ ಚಹಾದ ಜೊತೆಗಿನ ಎರಡು ಬಿಸ್ಕತ್ತನ್ನೂ ಬಿಟ್ಟಳು. ಸೌತೆಕಾಯಿ, ಬೇಯಿಸಿದ ಕಾಳು, ಕಾಲಕ್ಕೆ ಸಿಕ್ಕ ಹಣ್ಣು, ಏನಿದ್ದರೂ ಒಂದೇ ತಟ್ಟೆಯಲ್ಲಿ ಇಬ್ಬರೂ ತಿಂದರು. ಮೊದಮೊದಲು ಇಬ್ಬರ ಮುಖವೂ ಹುಳ್ಳಗಿತ್ತು.

ಗುಬ್ಬಿಯ ಅಮ್ಮನಿಗೆ ಇದೆಲ್ಲ ಹಿಡಿಸಲಿಲ್ಲ. "ಮಗೂನ ಕೆಲಸಕ್ಕೆ ಹಚ್ಚಿದ್ದೀಯಾ ಅಂತ ಜನ ಆಡ್ಕೊಳ್ತಾರಮ್ಮಾ."

"ಅವಳ ಕೈಗೆ ಒಂದೆಳೆ ನಾರು ಕೊಟ್ಟಿಲ್ಲ. ಬರೀ ಕೈಬೀಸಿ ನಡೀತಾಳೆ, ಅರ್ಧ ಗಂಟೆ. ಆಡ್ಕೊಳ್ಳೋರೂ ಬಂದು ನಡೀಲಿ, ಜಾಗ ಇದೆ."

ಮಗಳು ಮುಖ ಊದಿಸಿಕೊಂಡು ಒಳಗೆ ಹೋದಳು. ಆದರೆ ಫೋನನ್ನು ಒಂಬತ್ತರ ನಂತರ ತನ್ನ ದಿಂಬಿನಡಿ ಇಟ್ಟುಕೊಂಡು ಮಗುವನ್ನು ಮಲಗಿಸಲು ಶುರುಮಾಡಿದವಳು ಅವಳೇ.

ಎಂಟನೆಯ ವಾರಕ್ಕೆ ಗುಬ್ಬಿ ಹದಿನೈದು ಸರದಿ ನಡೆದಳು. ಕಂಬದ ಫೋನು ಯಾವಾಗಲೋ ಚಾರ್ಜು ಮುಗಿದು ಕಪ್ಪಗಾಗಿತ್ತು, ಇಬ್ಬರೂ ಗಮನಿಸಿರಲಿಲ್ಲ. ಶಾಲೆಯಲ್ಲಿ ನಡೆದದ್ದನ್ನೆಲ್ಲ ಹೇಳುತ್ತ ಅವಳು ಹಿಂದೆ ಸರಿದರೆ, ಅಜ್ಜಿಗೆ ನಾರು ಬಿಟ್ಟದ್ದೇ ತಿಳಿಯುತ್ತಿರಲಿಲ್ಲ.

ಬೆಟ್ಟದ ದಿನ ಅಜ್ಜಿಯೂ ಹೊರಟಳು. ಮೇಷ್ಟ್ರ ಅಂಗಿಯ ಜೇಬಿನಲ್ಲಿ ಚೀಟಿ ಇಣುಕುತ್ತಿತ್ತು, ಅಜ್ಜಿ ಅದನ್ನು ನೋಡದವಳಂತಿದ್ದಳು. ಮೊದಲ ಅರ್ಧ ದಾರಿ ಗುಬ್ಬಿ ಎಲ್ಲರ ನಡುವೆಯೇ ನಡೆದಳು. ಹೋದ ವರ್ಷ ಕುಸಿದ ಬಂಡೆ ಬಂದಾಗ ಅದನ್ನು ಕಾಲಲ್ಲಿ ಒದ್ದು ಮುಂದೆ ಹೋದಳು. ಅದರಾಚೆ ಕಡಿದಾದ ಏರು. ಇಪ್ಪತ್ತು ಮಾರು ಹತ್ತುವಷ್ಟರಲ್ಲಿ ಹುಡುಗಿಯ ತೊಡೆ ನಡುಗಿತು, ಎರಡು ಹೆಜ್ಜೆಗೊಂದು ಇದ್ದ ಉಸಿರು ಹೆಜ್ಜೆಗೆ ಎರಡಾಯಿತು. ನಿಂತಳು.

ಅಜ್ಜಿ ತಲೆಯೆತ್ತಿ ಏರನ್ನು ನೋಡಿದಳು. ಹತ್ತು ವಾರ ನಡೆಸಿದ್ದು ಸಪಾಟು ನೆಲದಲ್ಲಿ. ಬೆಟ್ಟಕ್ಕೆ ಏರು ಇರುತ್ತದೆ ಎಂಬುದು, ನಲವತ್ತು ವರ್ಷ ಒಂದೇ ಮಾಡಿನ ಕೆಳಗೆ ತಿರುಗಿದವಳಿಗೆ ಹೊಳೆದೇ ಇರಲಿಲ್ಲ.

"ಕೋಸು ಕೂತ್ಕೋತು!" ಎಂದು ಮೇಲಿನಿಂದ ಯಾರೋ ಕೂಗಿದರು.

ಮೇಷ್ಟ್ರು ಇಳಿದು ಬಂದರು. "ಸಾಕು ಪುಟ್ಟಾ, ಇಷ್ಟು ಬಂದಿದ್ದೇ ಹೆಚ್ಚು. ಇಲ್ಲೇ ನೆರಳಲ್ಲಿ—"

"ನಾನು ಕೂತಿಲ್ಲ ಸಾರ್," ಎಂದಳು ಗುಬ್ಬಿ. ಹಣೆಯ ಬೆವರು ಒರೆಸಿಕೊಂಡಳು. ಆಮೇಲೆ ಗಿರಕ್ಕನೆ ತಿರುಗಿ ಬೆಟ್ಟಕ್ಕೆ ಬೆನ್ನು ಹಾಕಿ, ಕೆಳಗಿದ್ದ ಅಜ್ಜಿಯ ಕಡೆ ಮುಖಮಾಡಿ ನಿಂತಳು. ಬೆರಳು ನೆಲ ತಡಕಿತು, ಹಿಮ್ಮಡಿ ಊರಿತು. ಒಂದು ಹೆಜ್ಜೆ ಮೇಲೆ. ಇನ್ನೊಂದು.

"ಏಯ್, ಬೀಳ್ತೀಯ!" ಮೇಷ್ಟ್ರು ಕೈಚಾಚಿದರು.

"ಮುಟ್ಟಬೇಡಿ ಮೇಷ್ಟ್ರೇ," ಎಂದಳು ಅಜ್ಜಿ. "ನೀವು ಅವಳ ಮೇಲಗಡೆ ನಿಂತಿರಿ, ಸಾಕು. ದಾರಿ ನಾನು ನೋಡ್ಕೋತೀನಿ." ಹೆಗಲ ವಸ್ತ್ರ ತೆಗೆದು ಒಂದು ತುದಿಯನ್ನು ಹುಡುಗಿಯ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದಳು. "ನನ್ನ ನೋಡು. ರಾಟೆ ತಿರುಗ್ತಾ ಇದೆ ಅಂದ್ಕೋ. ಎಡಕ್ಕೊಂದು ಕಲ್ಲಿದೆ, ಬಲಕ್ಕೆ ಬಾ. ಹಾಂ. ಉಸಿರು?"

"ಎರಡಕ್ಕೊಂದು."

"ಹೊತ್ತು ಬೇಕಾದಷ್ಟಿದೆ. ನಡಿ."

ಮೇಲಿದ್ದ ಮಕ್ಕಳು ಮೊದಲು ನಕ್ಕರು. ಆಮೇಲೆ ಒಬ್ಬಳು ತಾನೂ ತಿರುಗಿ ಹಿಂದಕ್ಕೆ ಹತ್ತಲು ಹೋಗಿ ಮೂರನೇ ಹೆಜ್ಜೆಗೇ ಧೊಪ್ಪನೆ ಕುಳಿತಳು. ನಗು ಅವಳ ಕಡೆ ತಿರುಗಿತು. ಗುಬ್ಬಿ ಅತ್ತ ನೋಡಲಿಲ್ಲ, ಅವಳ ಕಣ್ಣು ಅಜ್ಜಿಯ ಮೇಲಿತ್ತು. ಇಬ್ಬರೂ ಮೂರು ಕಡೆ ನಿಂತರು, ಎರಡು ಸಲ ನೀರು ಕುಡಿದರು. ಕೂರಲಿಲ್ಲ.

ತುದಿಯ ಗಾಳಿ ಬೆನ್ನಿಗೆ ತಾಗಿದಾಗ ಗುಬ್ಬಿ ತಿರುಗಿ ನೋಡಿದಳು. ಮುಂದೆ ಏರು ಇರಲಿಲ್ಲ. ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ನಾಲ್ಕಾಗಿ ಹರಿದು ಮತ್ತೆ ಜೇಬಿಗೇ ಹಾಕಿಕೊಂಡರು.

ಅಜ್ಜಿ ಒಂದು ಬಂಡೆಯ ಮೇಲೆ ಕುಕ್ಕರಿಸಿದಳು. ಈಗ ಏದುಸಿರು ಅವಳದು. ನಲವತ್ತು ವರ್ಷ ಹಿಂದಕ್ಕೆ ನಡೆದವಳು ಇಷ್ಟು ಹೊತ್ತು ಮುಂದಕ್ಕೆ, ಅದೂ ಮೇಲಕ್ಕೆ ನಡೆದದ್ದು ಇದೇ ಮೊದಲು.

"ಅಜ್ಜಿ, ನಿಂಗೆ ಸುಸ್ತಾಯ್ತಾ? ಟೆಂಪೋ ಕರೀಲಾ?"

"ಬಾಯಿಗೇನೂ ವ್ಯಾಯಾಮ ಬೇಕಿಲ್ಲ ನಿಂಗೆ," ಎಂದಳು ಅಜ್ಜಿ. ಹುಡುಗಿ ಕಿಲಕಿಲ ನಕ್ಕು ಉಳಿದವರ ಕಡೆ ಓಡಿದಳು.

ಅಜ್ಜಿ ಕೆಳಗೆ ಕಣ್ಣಾಡಿಸಿದಳು. ಊರ ಅಂಚಿನಲ್ಲಿ ತಗಡಿನ ಮಾಡು ಕಡ್ಡಿಯಂತೆ ಮಿನುಗುತ್ತಿತ್ತು. ಅದರ ಹಿಂದೆಯೇ ಮಣ್ಣಿನ ದಿಬ್ಬ, ಅವಳು ಇಷ್ಟು ವರ್ಷ ಬೆನ್ನು ಹಾಕಿಯೇ ಇದ್ದ ದಿಬ್ಬ. ಕೊನೆಯ ಕಂಬವನ್ನು ಕಿತ್ತು ಅದರ ನೆತ್ತಿಗೆ ನೆಟ್ಟರೆ ಇನ್ನೂ ಹದಿನೈದು ಹೆಜ್ಜೆ ಸಿಗುತ್ತದೆ, ಅಷ್ಟೂ ಏರು. ನಾಳೆ ಬೆಳಿಗ್ಗೆಯೇ ಗುದ್ದಲಿಗೆ ಹಿಡಿ ಹಾಕಿಸಬೇಕು.