ಕಾಲೆತ್ತಿದರೆ ಮೂರನೇ ಗೇರು

ಮಧುಶ್ರೀ ಅಜ್ಜಿಯ ಕಂಕುಳಿಗೆ ಕೈಕೊಟ್ಟು ಮೆಲ್ಲನೆ ಕಾರಿನ ಹಿಂದಿನ ಸೀಟಿಗೆ ಕೂರಿಸುತ್ತಿದ್ದಳು. ಅಮ್ಮನ ದೇಹ ಹೊತ್ತ ವ್ಯಾನು ಆಗಲೇ ಚಿಕ್ಕಜಾಲದ ಬೀದಿ ದಾಟಿತ್ತು. ಗುಂಡಿ ತೋಡಿದ್ದ ಹೊಲ ಹೈವೇ ಆಚೆಗಿತ್ತು. ಮಗಳಿಗೆ ಮಣ್ಣು ಹಾಕದೆ ನೀರೂ ಮುಟ್ಟುವುದಿಲ್ಲವೆಂದು ಅಜ್ಜಿ ಮಾರಮ್ಮ ಬೆಳಗಿನಿಂದ ಹಟ ಹಿಡಿದಿದ್ದಳು.

"ಈ ಕಾರು ಬ್ಯಾಡ ಕಣಮ್ಮ," ಎಂದ ಚಿಕ್ಕಪ್ಪ ಪಿಳ್ಳಪ್ಪ. "ನಿಮ್ಮಮ್ಮನ್ನ ಬಿಟ್ರೆ ಇದು ಯಾರ ಮಾತೂ ಕೇಳಲ್ಲ. ಆಟೋ ಕರೀತೀನಿ ತಡಿ."

"ಆಟೋ ಬರೋ ಹೊತ್ತಿಗೆ ಸೂರ್ಯ ಮುಳುಗಿರ್ತಾನೆ ಚಿಕ್ಕಪ್ಪ. ಹೊಲದಲ್ಲಿರೋರು ಅಲ್ಲೀವರ್ಗೂ ಕಾಯಲ್ಲ."

"ನಾನೂ ಬರ್ತೀನಿ," ಎಂದು ಮಜೀದ್ ಮುಂದಿನ ಬಾಗಿಲು ತೆಗೆದ. ಆರ್.ಟಿ. ನಗರದಲ್ಲಿ ಅವನದೊಂದು ಗ್ಯಾರೇಜು. ಹಳೆಯ ಇಂಜಿನ್ ಕೈಕೊಟ್ಟಾಗ ಬೇರೊಂದು ಕಾರಿನ ಇಂಜಿನ್ ತಂದು ಇದಕ್ಕೆ ಕೂರಿಸಿದವನು ಅವನೇ. ಗೇರ್‌ಬಾಕ್ಸ್ ಮಾತ್ರ ಹಳೆಯದು, ಆಟೋಮ್ಯಾಟಿಕ್. ಮಧುಶ್ರೀಯ ಅಮ್ಮ ಗೋಪಾಲಮ್ಮನ ಎಡಗಾಲು ಚಿಕ್ಕಂದಿನಲ್ಲೇ ಸೊರಗಿದ್ದರಿಂದ ಕ್ಲಚ್ ತುಳಿಯುವ ಕಾರು ಅವಳಿಗೆ ಆಗುತ್ತಿರಲಿಲ್ಲ.

ಸರ್ವೀಸ್ ರೋಡಿಗೆ ಬರುತ್ತಿದ್ದಂತೆ ಇಂಜಿನ್ ಅರಚತೊಡಗಿತು. ಮಧುಶ್ರೀ ಒತ್ತಿದಷ್ಟೂ ಸದ್ದು ಏರಿತೇ ಹೊರತು ಕಾರು ಎರಡನೇ ಗೇರು ಬಿಟ್ಟು ಕದಲಲಿಲ್ಲ. ಹಿಂದಿನ ಲಾರಿಯವನು ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದ.

"ಸೈಡಿಗೆ ಹಾಕಮ್ಮ."

ಮಜೀದ್ ಬಾನೆಟ್ ಎತ್ತಿ, ಗೇರ್‌ಬಾಕ್ಸಿನ ಎಣ್ಣೆಯನ್ನು ಕಡ್ಡಿಯಲ್ಲಿ ತೆಗೆದು ಮೂಸಿದ. "ಎಣ್ಣೆ ಕೆಂಪಗೇ ಇದೆ, ಸುಟ್ಟ ವಾಸನೆ ಇಲ್ಲ. ಒಳಗೇನೂ ಹಾಳಾಗಿಲ್ಲ. ನನ್ನತ್ರ ಬಂದಾಗೆಲ್ಲ ಅಕ್ಕಾನೇ ಓಡಿಸಿ ತೋರಿಸ್ತಿದ್ರು. ಒಂದ್ಸಲನೂ ಹಿಂಗಾಗಿಲ್ಲ."

ಮಧುಶ್ರೀ ಪೆಡಲ್ಲಿನ ಮೇಲಿದ್ದ ತನ್ನ ಪಾದವನ್ನು ನೋಡಿದಳು; ಸಾವಿನ ಗಡಿಬಿಡಿಯಲ್ಲಿ ಮರೆತದ್ದು ಈಗ ನೆನಪಾಯಿತು.

*

ಯಲಹಂಕದ ಕಾರ್ಖಾನೆಗಳಿಗೆ ಊಟದ ಕ್ಯಾರಿಯರ್ ತಲುಪಿಸುವುದು ಅಮ್ಮನ ಕೆಲಸ. ಕಾಲೇಜಿಗೆ ರಜೆ ಇದ್ದಾಗ ಮಧುಶ್ರೀ ಜೊತೆಗೆ ಕೂರುತ್ತಿದ್ದಳು. ವೇಗ ಹಿಡಿಯುವ ಹೊತ್ತಿಗೆ ಅಮ್ಮ ಪೆಡಲ್ಲಿನಿಂದ ಪಾದವನ್ನು ಚೂರು ಎತ್ತುತ್ತಿದ್ದಳು. ಕಾರು ಉಸಿರು ಬಿಟ್ಟಂತೆ ಮೂರನೇ ಗೇರಿಗೆ ಹೋಗುತ್ತಿತ್ತು. ಮತ್ತೆ ಒತ್ತುತ್ತಿದ್ದಳು.

"ಮಜೀದ್ ಅಂಕಲ್‌ಗೆ ಹೇಳ್ಬಾರ್ದಾ?"

"ಹೇಳಿದ್ರೆ ತನ್ನದೇ ತಪ್ಪು ಅಂತ ಕೊರಗ್ತಾನೆ. ಇಂಜಿನ್ ಇಳಿಸಿ ವಾರಗಟ್ಟಲೆ ಕೂತ್ಕೋತಾನೆ. ಅಲ್ಲೀವರ್ಗೂ ಜನ ಉಪವಾಸ ಇರ್ಬೇಕಾ? ಕಾಲೆತ್ತೋದೇನ್ ಮಹಾ ಕಷ್ಟ."

ಹಬೆಯಾಡುವ ಸಾರಿನ ವಾಸನೆಯಲ್ಲಿ ಅಮ್ಮ ನಗುತ್ತಾ ಓಡಿಸುತ್ತಿದ್ದಳು.

*

"ಅಂಕಲ್," ಎಂದಳು ಮಧುಶ್ರೀ. "ಅಮ್ಮ ಕಾಲೆತ್ತಿ ಗೇರ್ ಬೀಳಿಸ್ತಿದ್ರು. ಇಂಜಿನ್ ಬದಲಾದಾಗಿಂದ್ಲೂ ಹಂಗೇ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಮಜೀದ್ ಕೈಯಲ್ಲಿದ್ದ ಕಡ್ಡಿಯನ್ನು ನೋಡುತ್ತ ನಿಂತ. ಆಮೇಲೆ ಬಾನೆಟ್ಟಿನೊಳಕ್ಕೆ ಬಾಗಿದ. ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲನ್ನು ಬೆರಳಿಂದ ಮೀಟಿದ. ಅದು ತಂತಿವಾದ್ಯದಂತೆ ಬಿಗಿದಿತ್ತು.

"ಇಲ್ಲಿದೆ ನೋಡು. ಈ ಇಂಜಿನ್‌ಗೆ ಕೇಬಲ್ ತೀರಾ ಟೈಟ್ ಆಗಿದೆ. ಸುಮ್ನೆ ಒತ್ತಿದ್ರೂ ಪೂರ್ತಿ ಒತ್ತಿದಾರೆ ಅಂದ್ಕೊಂಡು ಗೇರ್‌ಬಾಕ್ಸ್ ಗೇರ್ ಬದಲಾಯಿಸದೆ ಹಿಡ್ಕೊಳ್ಳುತ್ತೆ." ಸೀಟಿನ ಕೆಳಗಿನ ಸ್ಪ್ಯಾನರ್ ತೆಗೆದು ನಟ್ಟು ತಿರುಗಿಸತೊಡಗಿದ. "ಚಾ ಕುಡಿಯೋಷ್ಟರಲ್ಲಿ ಆಗೋ ಕೆಲ್ಸ. ಬೈದಿದ್ರೂ ಮಾಡ್ಕೊಡ್ತಿದ್ದೆ. ಏನ್ ಹೆಂಗಸಪ್ಪಾ ಈ ನಮ್ಮಕ್ಕ."

"ಒತ್ತು ಮುಳುಗ್ತದೆ ಕಣಪ್ಪ," ಎಂದಳು ಹಿಂದಿನಿಂದ ಮಾರಮ್ಮ. "ಓಗಾನ."

ಮಧುಶ್ರೀ ಮತ್ತೆ ಹೊರಟಳು. ಅಮ್ಮನ ನೆನಪಿಗೆ ಪಾದ ತಾನಾಗಿಯೇ ಮೇಲೇಳಲು ಹೋಯಿತು. ತಡೆದುಕೊಂಡಳು. ಒಂದು, ಎರಡು, ಸದ್ದಿಲ್ಲದೆ ಮೂರು. ಕಿಟಕಿಯಿಂದ ಗಾಳಿ ನುಗ್ಗಿತು. ಅಂಡರ್‌ಪಾಸ್ ಬಳಸಿ ಹೊಲಕ್ಕೆ ಬಂದಾಗ ಬಿಸಿಲು ಇನ್ನೂ ಬದುವಿನ ಮೇಲಿತ್ತು.

"ನಾಳಿದ್ದಿಂದ ಕ್ಯಾರಿಯರ್ ನಾನೇ ತಗೊಂಡ್ ಹೋಗ್ಲಾ ಅಂಕಲ್? ಕಾಲೇಜನ್ನ ಸಂಜೆಗೆ ಬದಲಾಯಿಸ್ಕೋತೀನಿ."

"ಮೊದ್ಲು ಅಮ್ಮನ್ನ ಕಳಿಸೋಣ. ಆಮೇಲೆ ಒಂದ್ ದಿನ ನಾನು ಪಕ್ಕದಲ್ಲಿ ಕೂತು ನೋಡ್ತೀನಿ," ಎಂದ ಮಜೀದ್. "ಈ ಸಲ ನೀನೇನೂ ಮುಚ್ಚಿಡೋ ಹಂಗಿಲ್ಲ."

ಎಲ್ಲರೂ ಮಣ್ಣು ಹಾಕುವಾಗ ಅವನು ದೂರವೇ ನಿಂತ. ಎರಡೂ ಕೈ ಗ್ರೀಸಿನಿಂದ ಕಪ್ಪಾಗಿದ್ದವು. ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಿದ್ದ. ಮಾರಮ್ಮ ಮೊಮ್ಮಗಳ ತೋಳು ಬಿಟ್ಟು, ತಡವರಿಸುತ್ತ ಹೋಗಿ ಅವನ ಮಣಿಕಟ್ಟು ಹಿಡಿದು ಗುಂಡಿಯ ಅಂಚಿಗೆ ಕರೆತಂದಳು. ಅವನ ಬೊಗಸೆಗೆ ತಾನೇ ಮಣ್ಣು ತುಂಬಿ, ಅದರ ಕೆಳಗೆ ತನ್ನ ಕೈಗಳನ್ನೂ ಇಟ್ಟಳು. ಕೆಂಪು ಮಣ್ಣು ನಾಲ್ಕೂ ಕೈಗಳಿಂದ ಒಟ್ಟಿಗೇ ಜಾರಿತು. ಮುದುಕಿಯ ಸುಕ್ಕುಗಳಲ್ಲೂ ಈಗ ಗ್ರೀಸಿನ ಕಪ್ಪು ಹರಡಿತ್ತು.