ಮಳೆ ನಿಂತ ಸಂಜೆಯ ಉಡುಪು

ಮಳೆ ಆಗತಾನೇ ನಿಂತಿದೆ… ದಿಗಂತದಿಂದ ದಿಗಂತಕ್ಕೆ ಹಾಸಿದ ನೀಲಮೇಘಗಳು ನೆತ್ತಿಯ ಮೇಲೆ ಇನ್ನೂ ಭಾರವಾಗಿ ತೂಗುತ್ತಿದ್ದರೂ, ಕೆಳಗಿಳಿದಂತೆಲ್ಲ ತಮ್ಮ ಶ್ಯಾಮಲತೆಯನ್ನು ಎಳೆಯೆಳೆಯಾಗಿ ಕಳಚಿಕೊಂಡು, ಬೂದಿಬಣ್ಣವಾಗಿ, ಮುತ್ತಿನ ಬಣ್ಣವಾಗಿ, ಕೊನೆಗೆ ಬಣ್ಣವೆಂದು ಕರೆಯಲೂ ಸಂಕೋಚವಾಗುವಂಥ ಕ್ಷೀಣಕಾಂತಿಯಾಗಿ ಭೂಮಿಯನ್ನು ಮುಟ್ಟುತ್ತಿವೆ. ಅದರ ಕೆಳಗೆ ಆಗಷ್ಟೇ ಉತ್ತ ಹೊಲ. ತೊಯ್ದ ಮಣ್ಣಿನ ಹೊಂಬಣ್ಣದಲ್ಲಿ ಸಾಲು ಸಾಲಾಗಿ ಓಡುವ ನೇಗಿಲ ಗೆರೆಗಳು. ಒಂದು ಬದಿಯಲ್ಲಿ ತಗ್ಗಿನಲ್ಲಿ ನಿಂತ ನೀರು, ಆಕಾಶದ ಚೂರೊಂದನ್ನು ಕದ್ದು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡ ಮಗುವಿನಂತೆ ಮಿನುಗುತ್ತಿದೆ. ಮತ್ತು ಆ ಆಕಾಶವೂ ಈ ಭೂಮಿಯೂ ಸಂಧಿಸುವಲ್ಲಿ… ಆಹಾ! ಬೆರಳಗಲದ ಒಂದು ಸಿಂದೂರದ ಗೆರೆ! ಮುಳುಗಿದ ಸೂರ್ಯ ಹೇಳಲು ಮರೆತ ಮಾತೊಂದನ್ನು ನೆನೆದು ಹೊಸ್ತಿಲವರೆಗೆ ಹಿಂದಿರುಗಿ ಬಂದನೋ ಎಂಬಂತೆ…

ಸಹೃದಯರೇ, ಈ ಸಂಜೆಗೆ ಕತ್ತಲಾಗುವ ಭಯವಿಲ್ಲ. ಇದು ನಗರದ ಚಿತ್ರಶಾಲೆಯ ಕಟ್ಟಕಡೆಯ ಕೋಣೆಯಲ್ಲಿ, ಮರಳು ತುಂಬಿದ ಕೆಂಪು ಬಕೆಟ್ಟುಗಳ ಪಕ್ಕದ ಗೋಡೆಯಲ್ಲಿ ತೂಗುಹಾಕಿದ ಒಂದು ಚಿತ್ರ. ಇದರಲ್ಲಿ ಮನುಷ್ಯರಿಲ್ಲ, ಹೆಸರಿಗೊಂದು ಹಕ್ಕಿಯೂ ಇಲ್ಲ. ಮುಂಭಾಗದ ಕೋಣೆಗಳ ಚಕ್ರವರ್ತಿಗಳನ್ನೂ ಸೇನಾಪತಿಗಳನ್ನೂ ನೋಡಿ ಕಾಲು ಸೋತವರು ಇಲ್ಲಿಗೆ ಬಂದು, ಬೆಂಚಿನ ಮೇಲೆ ಕುಳಿತು, ಬೂಟಿನ ದಾರ ಸಡಿಲಿಸಿ, ಚಿತ್ರಕ್ಕೆ ಬೆನ್ನು ಹಾಕಿ ಉಸ್ಸೆನ್ನುತ್ತಾರೆ, ಅಷ್ಟೇ.

ಆ ಚಿತ್ರವನ್ನು ಹೃದಯದಲ್ಲಿಟ್ಟುಕೊಂಡವರು ಇಬ್ಬರು. ಮೊದಲನೆಯವಳು, ಬಂದವರಿಗೆ ಚಿತ್ರಗಳನ್ನು ಪರಿಚಯಿಸುವ ಕೆಲಸದಾಕೆ, ಚಿತ್ರಶಾಲೆಯ ಗೈಡ್. ದಿನವಿಡೀ ಅರಸರ ವಂಶಾವಳಿ ಹೇಳಿ ಗಂಟಲೊಣಗಿದ ಮೇಲೆ ಅವಳು ಇಲ್ಲಿ ಮೌನವಾಗಿ ನಿಲ್ಲುತ್ತಿದ್ದಳು. ಎರಡನೆಯವನು, ಅದೇ ಬೀದಿಯ ಕೊನೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಮುರಿದ ಫ್ರೇಮು ಹಿಡಿದು ಅಂಗಡಿಗೆ ಬಂದ ಅವಳು, ರಿಪೇರಿ ಮುಗಿದು ಕನ್ನಡಕ ಏರಿಸಿಕೊಂಡೊಡನೆ, “ಅಬ್ಬಾ, ಲೋಕ ವಾಪಸ್ ಬಂತು! ನಮ್ಮಲ್ಲೊಂದು ಚಿತ್ರ ಇದೆ, ಬಂದು ನೋಡಿ. ನನಗೆ ಕನ್ನಡಕ ಇಲ್ಲದೆಯೂ ಪೂರ್ತಿ ಕಾಣೋ ಚಿತ್ರ ಅದೊಂದೇ,” ಎಂದಿದ್ದಳು. ಅವನು ಹೋಗಿ ನೋಡಿದ. ಮತ್ತೆ ಹೋದ. ಆಮೇಲೆ ಹೋಗದೇ ಇರಲಾಗಲಿಲ್ಲ… ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಅವನು. ನಡುವೆ ಒಂದು ಋತುವಿನಷ್ಟು ಮೌನ, ಆ ಮೌನದೊಳಗೆ ಬೀಜದಂತೆ ಮಲಗಿದ ಮಾತು.

ಆ ವರ್ಷ ಚಿತ್ರಶಾಲೆಯವರು ಒಂದು ಸಂಜೆಯ ಕೂಟವನ್ನು ಏರ್ಪಡಿಸಿದರು. ಬರುವವರೆಲ್ಲ ಅಲ್ಲಿನ ಯಾವುದಾದರೊಂದು ಚಿತ್ರದಂತೆ ಉಡುಗೆ ತೊಟ್ಟು ಬರಬೇಕು. ಆದರೆ ಹೊಸ ಬಟ್ಟೆ ಕೊಳ್ಳಕೂಡದು, ಮನೆಯ ಹಳೆಯ ಬಟ್ಟೆಗಳನ್ನೇ ಕೂಡಿಸಿಕೊಳ್ಳಬೇಕು. ನಿಯಮ ಅವಳದೇ. ಬೆಂಚಿನ ಮೇಲೆ ಅದನ್ನು ಹೇಳಿ, ಅವಳು ಮತ್ತೊಂದು ಸುದ್ದಿಯನ್ನೂ ಹೇಳಿದಳು.

“ಬೇರೆ ಊರಿನ ದೊಡ್ಡ ಚಿತ್ರಶಾಲೆಯವರು ಕರೀತಿದ್ದಾರೆ. ಕೂಟ ಮುಗಿದ ಮರುದಿನ ಉತ್ತರ ಹೇಳ್ಬೇಕು. ಹೋಗ್ಬೇಡ ಅನ್ನೋರು ನನಗೆ ಇಲ್ಲಿ ಯಾರೂ ಇಲ್ಲ.”

“ಕೂಟಕ್ಕೆ ನೀವು ಯಾವ ಚಿತ್ರ?” ಎಂದಷ್ಟೇ ಅವನು ಕೇಳಿದ.

“ಮೊದಲ ಕೋಣೇಲಿ ಹಸಿರು ಉಡುಗೆಯ ಹೆಂಗಸು ಇದ್ದಾಳಲ್ಲ, ಅವಳು. ಅವಳಿಗೆ ಕನ್ನಡಕ ಇಲ್ಲ. ಹಾಗಾಗಿ ಆವತ್ತು ನನಗೂ ಇಲ್ಲ. ಯಾರನ್ನಾದರೂ ಎಡವಿದರೆ ನೀವೇ ಹೊಣೆ!”

ನಗುತ್ತ ಎದ್ದುಹೋದಳು. ಅವನು ಚಿತ್ರದೆದುರು ಇನ್ನಷ್ಟು ಹೊತ್ತು ಕುಳಿತ. ಅಳುಕು ಬರಬಹುದಿತ್ತು, ಬರಲಿಲ್ಲ! ಮೋಡ ಹರಿದ ಮೇಲೆ ಬೆಟ್ಟ ತಾನೇ ತಾನಾಗಿ ಕಾಣುವಂತೆ, ಮಾಡಬೇಕಾದದ್ದು ಅವನಿಗೆ ನಿಚ್ಚಳವಾಗಿ ಕಂಡಿತು.

ಮನೆಗೆ ಬಂದವನೇ ಅಟ್ಟದ ಟ್ರಂಕುಗಳನ್ನೆಲ್ಲ ಇಳಿಸಿದ. ಅಕ್ಕ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟಳು. ಶಾಲಾಮಕ್ಕಳ ಸಮವಸ್ತ್ರ ಹೊಲಿದು ತಮ್ಮನನ್ನು ಸಾಕಿ, ಓದಿಸಿ, ಅಂಗಡಿಯಲ್ಲಿ ಕೂರಿಸಿದವಳು ಅವಳು; ತಮ್ಮನ ಕಿವಿಯ ಬಳಿ ನರೆ ಇಣುಕಿದ್ದರೂ ಅವಳ ಬಾಯಲ್ಲಿ ಅವನಿನ್ನೂ ‘ಪುಟ್ಟ’.

“ಏನೋ ಪುಟ್ಟ ಇದು, ಜಾತ್ರೆ? ಯಾವ ರಾಜ ಆಗ್ತೀಯ?”

“ರಾಜ ಅಲ್ಲ ಅಕ್ಕ. ಸಂಜೆ ಆಗ್ತೀನಿ.”

“ಸರಿಹೋಯ್ತು! ಕಂಡೋರ ಕಣ್ಣು ಪರೀಕ್ಷೆ ಮಾಡೀ ಮಾಡೀ ನಿನ್ನ ತಲೆ ಕೆಟ್ಟಿತು,” ಎಂದಳಾದರೂ, ಎದುರು ಕುಳಿತು ಗಂಟು ಬಿಚ್ಚತೊಡಗಿದಳು. ಬಿಚ್ಚುತ್ತಿದ್ದಂತೆ ತಮ್ಮ ಆ ಬೆಂಚಿನ ಗೆಳತಿಯ ವಿಷಯವನ್ನೂ, ಅವಳಿಗೆ ಬೇರೆ ಊರಿನಿಂದ ಬಂದ ಕೆಲಸದ ಕರೆಯನ್ನೂ ಹೇಳಿದ.

ಅಪ್ಪನ ಚಳಿಗಾಲದ ಕೋಟು ಮೊದಲು ಹೊರಬಂತು. ಅಪ್ಪ ತೀರಿಕೊಂಡ ಮೇಲೂ ವರ್ಷಗಟ್ಟಲೆ ಅದು ಕಿಟಕಿಯ ಪಕ್ಕದ ಗೂಟದಲ್ಲೇ ನೇತಾಡಿತ್ತು; ಮೇಲರ್ಧಕ್ಕೆ ಪರದೆಯ ನೆರಳು, ಕೆಳಗರ್ಧಕ್ಕೆ ಬಿಸಿಲು. ಹೀಗಾಗಿ ಹೆಗಲಲ್ಲಿ ಕಡುನೀಲಿಯಾಗಿದ್ದ ಬಟ್ಟೆ ಕೆಳಗಿಳಿಯುತ್ತ ಇಳಿಯುತ್ತ ಬೂದಿಯಾಗಿ, ಮುತ್ತಾಗಿ… ಅವನು ಅದನ್ನು ಬೆಳಕಿಗೆ ಹಿಡಿದ! ಯಾವ ಕುಂಚವೂ ಬೇಡವೆಂದು ಕಾಲವೇ ಕುಳಿತು ಬರೆದ ಆಕಾಶ ಅದು. ಅಮ್ಮನ ಉಣ್ಣೆಯ ಶಾಲು ಮೋಡವಾಯಿತು. ನುಸಿ ತಿಂದ ತೂತುಗಳು ಮೋಡದ ನಡುವಣ ಬೆಳಕಿಂಡಿಗಳಾದವು. ಅವನು ಹರೆಯದಲ್ಲಿ ತೊಡುತ್ತಿದ್ದ ಮಾಸಲು ಹಳದಿಯ ಕಾರ್ಡುರಾಯ್ ಪ್ಯಾಂಟು ಹೊಲವಾಯಿತು. ಆ ಬಟ್ಟೆಯ ಏರುತಗ್ಗಿನ ಗೀರುಗಳೇ ನೇಗಿಲ ಸಾಲು. ಮೊಣಕಾಲು ಹರಿದಿದ್ದೆಡೆ ಅಕ್ಕ ಬೆಳ್ಳಿಬಣ್ಣದ ಒಳಪದರದ ತುಂಡೊಂದನ್ನು ತೇಪೆ ಹಾಕಿದಳು: ನಿಂತ ನೀರು!

“ಹೊಲ ಚೆನ್ನಾಗಿದೆ, ಆದರೆ ಹೊಟ್ಟೆ ಹಿಡಿಸ್ತಿಲ್ಲವಲ್ಲೋ,” ಎಂದು ನಕ್ಕು, ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟಳು. ಕೋಟಿನ ಮಸುಕು ಅಂಚು ಸೊಂಟದ ಮಟ್ಟಕ್ಕೆ ಬರುವಂತೆ ನಡುವೆ ಒಳಮಡಿಕೆ ಹಾಕಿ ಹೊಲಿದಳು.

ಕೂಟದ ದಿನ ಎಲ್ಲ ತೊಟ್ಟು ಅವನು ನಿಲುಗನ್ನಡಿಯ ಮುಂದೆ ನಿಂತ. ಅಂಗಡಿಯಿಂದ ತಂದಿದ್ದ ಪರೀಕ್ಷೆಯ ಗಾಜೊಂದನ್ನು ಕಣ್ಣಿಗೆ ಹಿಡಿದ. ಕನ್ನಡಕವಿಲ್ಲದ ಅವಳ ಕಣ್ಣಿಗೆ ದೂರದ ಲೋಕ ಎಷ್ಟು ಮಸುಕೋ ಅಷ್ಟೇ ಮಸುಕಾಗಿಸುವ ಗಾಜು ಅದು. ಮೂಗು, ಮೀಸೆ, ಗುಂಡಿ, ಹೊಲಿಗೆ ಎಲ್ಲ ಕರಗಿದವು. ನೀಲಿ ಉಳಿಯಿತು, ಹಳದಿ ಉಳಿಯಿತು. ಆದರೆ ಸಂಜೆ ಬರಲಿಲ್ಲ. ನೀಲಿ ಕೋಟು ತೊಟ್ಟ ಒಬ್ಬ ಮನುಷ್ಯ, ಅಷ್ಟೇ.

“ಆ ಗೆರೆ ಇಲ್ಲ ಅಕ್ಕ. ಸಿಂದೂರದ ಗೆರೆ. ಅದಿಲ್ಲದಿದ್ರೆ ಇದೆಲ್ಲ ಬರೀ ಹಳೇ ಬಟ್ಟೆ.”

ಟ್ರಂಕುಗಳಲ್ಲಿದ್ದ ಕೆಂಪೆಲ್ಲವನ್ನೂ ಹಿಡಿದು ನೋಡಿದರು. ಒಂದು ಇಟ್ಟಿಗೆಯ ಕೆಂಪು, ಇನ್ನೊಂದು ಒಣಮೆಣಸಿನದು, ಮತ್ತೊಂದು ಅಂಚೆಪೆಟ್ಟಿಗೆಯದು. ಯಾವುದೂ ಒಗ್ಗಲಿಲ್ಲ. ಅಕ್ಕ ಎದ್ದು ತನ್ನ ಕೋಣೆಗೆ ಹೋಗಿ, ಮೆತ್ತನೆ ಕಾಗದದಲ್ಲಿ ಸುತ್ತಿದ ಒಂದು ಲಂಗವನ್ನು ತಂದು ಹಾಸಿಗೆಯ ಮೇಲೆ ಹರವಿದಳು. ಕೋಣೆಯೊಳಗೆ ಒಮ್ಮೆಲೇ ದೀಪ ಹಚ್ಚಿದಂತಾಯಿತು! ಅದೇ ಬಣ್ಣ… ಅದೇ!

“ಇದನ್ನ ನೀನು ಉಟ್ಟಿದ್ದು ನಾನು ನೋಡೇ ಇಲ್ವಲ್ಲ ಅಕ್ಕ.”

“ಉಟ್ರೆ ತಾನೇ ನೋಡೋದು.” ಅಕ್ಕ ಬಟ್ಟೆಯ ಮಡಿಕೆಯನ್ನು ಅಂಗೈಯಲ್ಲಿ ಸವರಿದಳು. “ಒಬ್ಬರು ಮದುವೆ ಆಗೋಣ ಅಂತ ಕರೆದಿದ್ರು ಪುಟ್ಟ. ಒಳ್ಳೆಯವರು. ಇದನ್ನ ಉಟ್ಕೊಂಡು ಹೋಗಿ ‘ಹೂಂ’ ಅಂದು ಬರೋಣ ಅಂತ ನಾನೇ ಹೊಲಿದಿದ್ದೆ. ಆವತ್ತು ನಿನಗೆ ಜ್ವರ. ನಾಳೆ ಹೋದ್ರಾಯ್ತು ಅಂದ್ಕೊಂಡೆ. ನಾಳೆ ಅನ್ನೋದಕ್ಕೆ ಕೊನೆ ಎಲ್ಲಿದೆ? ಅವರು ಎಷ್ಟು ದಿನ ಅಂತ ಕಾದಾರು…”

ಅವನ ಕಣ್ಣು ತುಂಬಿತು. “ಬೇಡ ಅಕ್ಕ, ಇದನ್ನ ಕತ್ತರಿಸೋದು ಬೇಡ.”

“ಸುಮ್ನಿರೋ. ಪೆಟ್ಟಿಗೇಲಿಟ್ರೆ ನುಸಿ ನೋಡುತ್ತೆ. ನಿನ್ನ ಸೊಂಟದಲ್ಲಿದ್ರೆ ಮನುಷ್ಯರು ನೋಡ್ತಾರೆ. ಆದರೆ ಒಂದು ಮಾತು. ಅವಳನ್ನ ಕೇಳಿಯೇ ಬಾ. ಕೆಲಸ ಬಿಡು ಅಂತ ಮಾತ್ರ ಕೇಳ್ಬೇಡ. ನೀನೇ ಹೊರಡು. ನನ್ನ ಚಿಂತೆ ನಿನಗೆ ಬೇಡ, ನನಗೆ ನನ್ನ ಮಿಷಿನ್ನಿದೆ, ಬೀದಿ ತುಂಬ ಜನ ಇದ್ದಾರೆ. ನಿನ್ನ ಜ್ವರ ಇಳಿದು ಎಷ್ಟೋ ವರ್ಷ ಆಯ್ತು ಮಾರಾಯ!”

ಹಾಗೆನ್ನುತ್ತ ಲಂಗಕ್ಕೆ ಕತ್ತರಿ ಇಟ್ಟಳು. ಬಟ್ಟೆ ಸರ್ರನೆ ಸೀಳುವ ಸದ್ದಿಗೆ ತಮ್ಮ ಬೆಚ್ಚಿದ. ಅಕ್ಕ ಬೆರಳಗಲದ ಪಟ್ಟಿಯನ್ನು ಕೋಟಿನ ಅಂಚಿಗೆ ಕೂಡಿಸಿ ಹೊಲಿದು, ಗಾಜನ್ನು ತಾನೇ ಇಸಿದುಕೊಂಡು ಕಣ್ಣಿಗೆ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು.

“ಹೋಗು,” ಎಂದಳು. “ಆಗಲೇ ಮಳೆ ನಿಂತಿದೆ.”

ಚಿತ್ರಶಾಲೆಯ ದೊಡ್ಡ ಹಜಾರ ಅಂದು ವೈಭವದಿಂದ ತುಳುಕುತ್ತಿತ್ತು. ಮೇಜಿನ ಹಾಸನ್ನು ಹೊದ್ದ ಸೇನಾಪತಿಗಳು, ಪರದೆಯ ಜರಿಯಲ್ಲಿ ಮೆರೆಯುವ ಮಹಾರಾಣಿಯರು! ಬೀದಿಯ ಹಲ್ಲಿನ ಡಾಕ್ಟರು ರಟ್ಟಿನ ಕಿರೀಟ ಕೆಳಗೆ ಜಾರದಂತೆ ಹಿಡಿದುಕೊಂಡೇ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ನೀವ್ಯಾರಪ್ಪ? ನಾವಿಕನೋ, ಬೇಟೆಗಾರನೋ?”

“ನೋಡೋರಿಗೆ ಗೊತ್ತಾಗುತ್ತೆ ಡಾಕ್ಟ್ರೇ,” ಎಂದ ಅವನು, ಕಿಂಚಿತ್ತೂ ಕಸಿವಿಸಿಯಿಲ್ಲದೆ. ಯಾರಿಗೂ ಗೊತ್ತಾಗಲಿಲ್ಲ. ಅದರಿಂದ ಅವನ ಮುಖ ಬಾಡಲೂ ಇಲ್ಲ. ದೂರದ ಕಂಬವೊಂದರ ಬಳಿ ಅವನು ನಿಶ್ಚಲನಾಗಿ ನಿಂತುಕೊಂಡ.

ಹಜಾರದ ಆ ಕೊನೆಯಲ್ಲಿ, ಚಿಕ್ಕಮ್ಮನ ಹಳೆಯ ಹಸಿರು ನಿಲುವಂಗಿಯಲ್ಲಿ, ಅವಳು ಅತಿಥಿಗಳನ್ನು ಸ್ವಾಗತಿಸುತ್ತಿದ್ದಳು. ಕನ್ನಡಕವಿರಲಿಲ್ಲ. ಅವಳ ಪಾಲಿಗೆ ರಾಜರೆಲ್ಲ ಬಣ್ಣದ ಮುದ್ದೆಗಳು. ದನಿಯಿಂದ ಗುರುತು ಹಿಡಿದು ಕೈಮುಗಿಯುತ್ತಿದ್ದಳು. ಹಾಗೆ ತಿರುಗಿದ ಒಂದು ಗಳಿಗೆಯಲ್ಲಿ ಅವಳ ನೋಟ ಕಂಬದ ಕಡೆ ಹರಿಯಿತು… ಅಲ್ಲೇ ನಿಂತಿತು! ನೂರು ಬಣ್ಣಗಳ ಆ ಗದ್ದಲದ ನಡುವೆ, ಶಾಂತವಾಗಿ, ವಿಶಾಲವಾಗಿ, ಒಂದು ಆಕಾಶ. ಅದರ ಕೆಳಗೊಂದು ಹೊಲ. ನಡುವೆ ಉರಿಯುವ ಆ ಗೆರೆ. ಮುಖ ಕಾಣುವ ಮೊದಲೇ ಅವಳು ಮನಸ್ಸನ್ನು ಕಂಡಳು.

ಕೈಗಳನ್ನು ಮುಂದೆ ಚಾಚಿ, ಕುರ್ಚಿಯೊಂದನ್ನು ಎಡವಿ, ಸೇನಾಪತಿಯೊಬ್ಬನ ಕಾಲು ತುಳಿದು ಕ್ಷಮೆ ಕೇಳುತ್ತ ಅವಳು ಬಂದಳು. ತೀರ ಹತ್ತಿರ ಬಂದ ಮೇಲಷ್ಟೇ ಅವನ ಕಣ್ಣು ಮೂಗುಗಳು ಮೂಡಿದವು. ಅವಳು ಕೇಳಿದಳು.

“ಮಳೆ ನಿಂತು ಎಷ್ಟು ಹೊತ್ತಾಯ್ತು?”

“ಈಗ ತಾನೇ,” ಎಂದ ಅವನು.

ಇಬ್ಬರೂ ನಕ್ಕರು. ಆಮೇಲೆ ಅವನು ಬೆಂಚಿನ ಮೇಲೆ ಇಷ್ಟು ಕಾಲ ಮೌನದಲ್ಲಿಟ್ಟಿದ್ದ ಮಾತನ್ನು ನೇರವಾಗಿ ಆಡಿದ.

“ಹೋಗ್ಬೇಡಿ ಅನ್ನೋಕೆ ನಾನು ಬಂದಿಲ್ಲ. ಹೋಗಿ. ಆದರೆ ನನ್ನನ್ನೂ ಕರ್ಕೊಂಡು ಹೋಗ್ತೀರಾ? ಕಣ್ಣು ಮಂಜಾಗೋರು ಎಲ್ಲಾ ಊರಲ್ಲೂ ಇರ್ತಾರೆ, ನನ್ನ ಕೆಲಸಕ್ಕೆ ಬರಗಾಲ ಇಲ್ಲ. ನಿಮ್ಮ ಜೊತೆ ಬಾಳ್ಬೇಕು ಅಂತ ನನಗಾಸೆ.”

“ನಿಮ್ಮ ಅಕ್ಕ?”

“ಈ ಗೆರೆ ಅಕ್ಕನದೇ.” ಅವನು ಆ ಲಂಗದ ಕಥೆಯನ್ನು ಕೆಲವೇ ಮಾತುಗಳಲ್ಲಿ ಹೇಳಿದ.

ಅವಳು ಬಾಗಿ ಆ ಸಿಂದೂರದ ಪಟ್ಟಿಯನ್ನು ಬೆರಳ ತುದಿಯಿಂದ ಮುಟ್ಟಿದಳು. ಹಿರಿಯರ ಪಾದ ಮುಟ್ಟುವಷ್ಟು ಮೃದುವಾಗಿ. ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗೆಯಿತ್ತು.

“ಹೂಂ,” ಎಂದಳು. “ಆದರೆ ನಾಳೆ ಆ ಊರಿನವರಿಗೆ ಉತ್ತರ ಹೇಳೋಕೆ ಮುಂಚೆ, ಇದೇ ಮಾತನ್ನ ನಾನು ನಿಮ್ಮ ಅಕ್ಕನ ಎದುರಿಗೆ ಹೇಳ್ಬೇಕು. ಈಗಲೇ ಹೋಗೋಣ. ಮೆಟ್ಟಿಲು ಕಾಣಲ್ಲ, ಕೈ ಕೊಡಿ.”

ಅವನು ಕೈ ಕೊಟ್ಟ. ಕಿರೀಟಧಾರಿಗಳ ಸಂದಣಿಯನ್ನು ಸೀಳಿಕೊಂಡು, ಆ ಹಸಿರೂ ಆ ನೀಲಿಯೂ ಜೊತೆಯಾಗಿ ಬೀದಿಗಿಳಿದವು.

ಎಂಥ ವಿಚಿತ್ರ ನೇಯ್ಗೆ ಈ ಮನುಷ್ಯಹೃದಯದ್ದು! ಪ್ರೀತಿಸುವವರಿಗೆ ತಮ್ಮ ಅನುರಾಗ ಜಗತ್ತಿನಲ್ಲಿ ಅದೇ ಮೊದಲು ಹುಟ್ಟಿತೆಂದು ತೋರುತ್ತದೆ… ತೋರಲಿ, ಅದೇ ಅದರ ಸೊಗಸು. ಆದರೆ ಅದರ ನೂಲು ಎಷ್ಟು ಜನರದ್ದು! ದುಡಿದು ದಣಿದವರ ಬೆವರು, ಹಾಡದೆ ಉಳಿದವರ ಹಾಡು, ಬೇರೊಬ್ಬರಿಗಾಗಿ ತಮ್ಮ ವಸಂತವನ್ನು ಮಡಚಿ ಒಳಗಿಟ್ಟವರ ಔದಾರ್ಯ… ಇವೆಲ್ಲ ಸದ್ದಿಲ್ಲದೆ ಒಂದು ಪೀಳಿಗೆಯಿಂದ ಮತ್ತೊಂದಕ್ಕೆ ಇಳಿದು ಬರುತ್ತವೆ. ಒಂದು ದಿನ ಯಾರೋ ಧೈರ್ಯವಾಗಿ ಒಂದು ಮಾತನ್ನಾಡುತ್ತಾರೆ, ಎದುರಿಗಿದ್ದವರು ‘ಹೂಂ’ ಎನ್ನುತ್ತಾರೆ. ಆ ಒಂದೇ ಅಕ್ಷರದಲ್ಲಿ, ಹಿಂದೆಂದೋ ಹೇಳಲಾರದೆ ಹೋದವರ ಸಮ್ಮತಿಯೂ ಮೆಲ್ಲನೆ ದನಿಗೂಡಿಸುತ್ತದೆ.